ಕಮ್ಯುನಿಟಿ ಕಾಲೇಜಿನಲ್ಲಿ ವಿಧಿವಿಜ್ಞಾನ ಓದಿದ್ದು

ಭಾರತದ ಮೂರು ವರ್ಷದ ಬಿ.ಎಸ್ಸಿ. ಪದವಿಯನ್ನು ಅಮೆರಿಕದಲ್ಲಿ ಪದವಿಗಳ ತುಲನೆ ಮಾಡಿಕೊಡುವ ಸಂಸ್ಥೆಗಳಲ್ಲಿ ಹಲವು ಪೂರ್ಣ ಬ್ಯಾಚುಲರ್ ಪದವಿಯೆಂದು ಒಪ್ಪುವುದಿಲ್ಲ. ಅಲ್ಲಿನ ನಾಲ್ಕು ವರ್ಷದ ಓದಿನಲ್ಲಿ ಮೂರು ವರ್ಷ ಮುಗಿದಿದೆ ಎಂದಷ್ಟೇ ಬರೆದುಕೊಡುತ್ತವೆ. ಹಾಸನದಲ್ಲಿ ಓದಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪಡೆದ ರಸಾಯನಶಾಸ್ತ್ರದ ಪದವಿ, ಜಿಗಣಿಯ ಔಷಧ ಕಂಪನಿಯೊಂದರ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಲ್ಯಾಬಿನಲ್ಲಿ ಮಾಡಿದ ಕೆಲಸ, ಇವೆರಡನ್ನು ನೆಚ್ಚಿಕೊಂಡು ಪತಿಯ ಉದ್ಯೋಗದ ನಿಮಿತ್ತ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿಗೆ ಬಂದು ನೆಲೆಸಿದ ನನಗೆ ಈ ಸಂಗತಿ ತಿಳಿದದ್ದು ಅಲ್ಲಿನ ಅಪರಾಧ ಪ್ರಯೋಗಾಲಯಗಳ ಉದ್ಯೋಗ ಪ್ರಕಟಣೆಗಳನ್ನು ಓದತೊಡಗಿದ ಮೇಲೆ. ಆ ರಾಜ್ಯದಲ್ಲಿ ಇಂಥ ಪ್ರಯೋಗಾಲಯದ ವಿಜ್ಞಾನಿಯನ್ನು ಕ್ರಿಮಿನಲಿಸ್ಟ್ ಎಂದು ಕರೆಯುತ್ತಾರೆ. ಆ ಹುದ್ದೆಗೆ ವಿಜ್ಞಾನದಲ್ಲಿ ಬ್ಯಾಚುಲರ್ ಪದವಿ ಇರಬೇಕು, ಅದರಲ್ಲಿ ಸಾಮಾನ್ಯವಾಗಿ 8 ಯೂನಿಟ್ (ಓದಿನ ಪ್ರಮಾಣವನ್ನು ಅಳೆಯುವ ಲೆಕ್ಕ) ಜನರಲ್ ಕೆಮಿಸ್ಟ್ರಿ, 3 ಯೂನಿಟ್ ಕ್ವಾಂಟಿಟೇಟಿವ್ ಅನಾಲಿಸಿಸ್ (ಪದಾರ್ಥದಲ್ಲಿ ಯಾವುದು ಎಷ್ಟಿದೆಯೆಂದು ಅಳೆಯುವ ವಿಶ್ಲೇಷಣೆ) ಓದಿರಬೇಕು ಎಂದು ಪ್ರಕಟಣೆಗಳು ಕೇಳುತ್ತವೆ. ಬ್ಯೂರೆಟ್ ಹಿಡಿದು ದಿನಗಟ್ಟಲೆ ಟೈಟ್ರೇಷನ್ ಮಾಡಿದ ಕೈಯಾದರೂ ಅದನ್ನು ಹೇಳುವ ಅಂಕಪಟ್ಟಿ ಈ ದೇಶದ್ದಾಗಿರಲಿಲ್ಲ. ಕೈಗೆಟಕುವಂತಿದ್ದ ದಾರಿ ಒಂದೇ, ಕಮ್ಯುನಿಟಿ ಕಾಲೇಜು.

ಕಮ್ಯುನಿಟಿ ಕಾಲೇಜು ಎಂಬ ವ್ಯವಸ್ಥೆಗೆ ನಮ್ಮಲ್ಲಿ ಸರಿಸಮವಾದದ್ದು ಇಲ್ಲ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ ಮೊದಲನೆಯದು ಆರಂಭವಾಯಿತು. ಈಗ ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ. ಪ್ರವೇಶ ಪರೀಕ್ಷೆಯ ಗೋಜಿಲ್ಲ, ವಯಸ್ಸಿನ ಮಿತಿಯಿಲ್ಲ, ಸಂಜೆಯ ತರಗತಿಗಳಿವೆ. ಸುಮಾರು 60 ಯೂನಿಟ್ ಮುಗಿಸಿದರೆ ಎರಡು ವರ್ಷದ ಅಸೋಸಿಯೇಟ್ ಪದವಿ ಸಿಗುತ್ತದೆ, ಬೇಕಾದವರು ಅಲ್ಲಿಂದ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ವರ್ಗಾವಣೆಯಾಗಬಹುದು. ರಾಜ್ಯದ ನಿವಾಸಿಗಳಿಗೆ ಯೂನಿಟ್ ಒಂದಕ್ಕೆ 46 ಡಾಲರ್. ಅಂದರೆ ಮೂರು ಯೂನಿಟ್‌ನ ಒಂದು ವಿಷಯಕ್ಕೆ 138 ಡಾಲರ್ ಮತ್ತು ಅಲ್ಪಸ್ವಲ್ಪ ಇತರ ಶುಲ್ಕ. ನಿವಾಸಿಗಳಲ್ಲದವರು ಅದರ ಹಲವು ಪಟ್ಟು ಕಟ್ಟಬೇಕು. ಅವಲಂಬಿತರ ಎಚ್-4 ವೀಸಾದಲ್ಲಿದ್ದವರು ತಾವು ನಿವಾಸಿಗಳೆನ್ನಿಸಿಕೊಳ್ಳುವುದು ಸಾಧ್ಯವಿಲ್ಲವೆಂದು ತಿಳಿದು ಹಿಂಜರಿಯುವುದನ್ನು ನಮ್ಮ ಕನ್ನಡ ಸಂಘದ ಹೆಣ್ಣುಮಕ್ಕಳಲ್ಲಿ ಕಂಡಿದ್ದೇನೆ. ವಾಸ್ತವದಲ್ಲಿ ಟರ್ಮ್ ಆರಂಭಕ್ಕೆ ಮುನ್ನ ಒಂದು ವರ್ಷ ಒಂದು ದಿನ ರಾಜ್ಯದಲ್ಲಿ ವಾಸವಿದ್ದು, ಇಲ್ಲಿಯೇ ನೆಲೆಸುವ ಉದ್ದೇಶವನ್ನು ತೆರಿಗೆಯ ಕಾಗದ, ಚಾಲನಾ ಪರವಾನಗಿ, ಬಾಡಿಗೆ ಕರಾರುಗಳಿಂದ ತೋರಿಸಿದರೆ ಎಚ್-4ನವರಿಗೂ ಆ ದರ ಸಿಗುತ್ತದೆ. ದಾಖಲೆಗಳ ಕಟ್ಟನ್ನು ಹೊತ್ತು ಕಚೇರಿಗೆ ಹೋಗಿ ಬಂದದ್ದು ಬಿಟ್ಟರೆ ಪ್ರವೇಶದ ಬಗ್ಗೆ ಹೇಳಬೇಕಾದದ್ದು ಹೆಚ್ಚೇನೂ ಇಲ್ಲ.

ಕೌನ್ಸೆಲರ್ ಹೇಳಿದ ಒಂದು ಮಾತು ಮಾತ್ರ ಇಲ್ಲಿ ಬರೆಯತಕ್ಕದ್ದು. ಕಾಲೇಜಿನಲ್ಲಿ ವಿಧಿವಿಜ್ಞಾನದ ತರಗತಿಗಳು ಇದ್ದದ್ದು ವಿಜ್ಞಾನ ವಿಭಾಗದಲ್ಲಿ ಅಲ್ಲ, ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್ ಎಂಬ ವಿಭಾಗದಲ್ಲಿ; ಪೊಲೀಸ್, ಜೈಲು, ಪ್ರೊಬೇಷನ್ ಇಲಾಖೆಗಳಿಗೆ ಹೋಗುವವರು ಓದುವ ವಿಭಾಗ ಅದು. ಆ ವಿಭಾಗ ಕೊಡುವ ಸರ್ಟಿಫಿಕೇಟ್ ಒಂದನ್ನೇ ಹಿಡಿದುಕೊಂಡು ಹೋದರೆ ಸ್ಥಳ ಪರಿಶೀಲನೆಯ ಅಥವಾ ಸಾಕ್ಷ್ಯವಸ್ತುಗಳ ಕೊಠಡಿಯ ಕೆಲಸ ಸಿಕ್ಕೀತೇ ಹೊರತು ಪ್ರಯೋಗಾಲಯದ ಬಾಗಿಲು ತೆರೆಯದು, ಅದಕ್ಕೆ ರಸಾಯನಶಾಸ್ತ್ರವೇ ಬೇಕು ಎಂದು ಆಕೆ ಸ್ಪಷ್ಟವಾಗಿ ಹೇಳಿದರು. ವಿಧಿವಿಜ್ಞಾನದ ಕೋರ್ಸುಗಳಿಗೆ ಮಾನ್ಯತೆ ಕೊಡುವ ಫೆಪ್ಯಾಕ್ ಎಂಬ ಆಯೋಗವೂ ಬ್ಯಾಚುಲರ್ ಮತ್ತು ಮಾಸ್ಟರ್ಸ್ ಹಂತದ ಕೋರ್ಸುಗಳನ್ನು ಪರಿಶೀಲಿಸುತ್ತದೆಯೇ ವಿನಾ ಎರಡು ವರ್ಷದವುಗಳನ್ನಲ್ಲ. ಈ ವಿಷಯವನ್ನು ಕಾಲೇಜಿನ ಮಾಹಿತಿ ಪತ್ರಗಳಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕೆಂಬುದು ನನ್ನ ಅಭಿಪ್ರಾಯ. ಟಿವಿಯ ತನಿಖಾ ಧಾರಾವಾಹಿಗಳನ್ನು ನೋಡಿ ಸೇರಿಕೊಂಡ ಹದಿನೆಂಟರ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಕೆಮಿಸ್ಟ್ರಿಯನ್ನು ತಪ್ಪಿಸಿಕೊಳ್ಳಲೆಂದೇ ಈ ವಿಭಾಗಕ್ಕೆ ಬಂದವರಾಗಿದ್ದರು. ನಾನು ಎರಡನ್ನೂ ಒಟ್ಟಿಗೆ ಹಿಡಿದೆ. ಹಗಲು ಕೆಮಿಸ್ಟ್ರಿ, ಸಂಜೆ ವಿಧಿವಿಜ್ಞಾನ.

ಪಾಠ ಮಾಡುತ್ತಿದ್ದವರು ಶೆರಿಫ್ ಕಚೇರಿಯಲ್ಲಿ, ಅಂದರೆ ಜಿಲ್ಲಾ ಪೊಲೀಸ್ ಇಲಾಖೆಯಲ್ಲಿ, ಬಹುಕಾಲ ಅಪರಾಧ ಸ್ಥಳ ತನಿಖೆ ಮಾಡಿ ನಿವೃತ್ತರಾದವರು. ಕಾಲೇಜಿನ ಹಿಂಭಾಗದಲ್ಲಿ ಬಳಕೆಯಲ್ಲಿಲ್ಲದ ತಗಡಿನ ತರಗತಿ ಕೋಣೆಯೊಂದನ್ನು ಅವರು ಮನೆಯಂತೆ ಸಜ್ಜು ಮಾಡಿಕೊಂಡಿದ್ದರು: ಹಳೆಯ ಸೋಫಾ, ಉರುಳಿದ ಕುರ್ಚಿ, ಗೊಂಬೆಯ ಶವ, ಗೋಡೆಯ ಮೇಲೆ ಚಿಮ್ಮಿದ ಬಣ್ಣ. ಒಳಗೆ ಹೋಗಿ ಬಂದು ಕಂಡದ್ದನ್ನು ಬರೆಯಿರಿ ಎಂಬುದು ಅಲ್ಲಿಯ ಮೊದಲ ಕೆಲಸ. ಮರುವಾರ ಅವರು ನಮ್ಮ ಬರಹಗಳನ್ನು ಹಿಂದಿರುಗಿಸಿದಾಗ ತರಗತಿಯ ಹೆಚ್ಚಿನವರ ಹಾಳೆಯಲ್ಲಿ ಒಂದೇ ಪದ ಹೊಡೆದುಹಾಕಲ್ಪಟ್ಟಿತ್ತು, ಅದು ರಕ್ತ ಎಂಬ ಪದ. ಗೋಡೆಯ ಮೇಲೆ ನೀವು ಕಂಡದ್ದು ಕೆಂಪು-ಕಂದು ಬಣ್ಣದ ಕಲೆ. ಅದನ್ನು ರಕ್ತವೆಂದು ನೀವು ತಿಳಿದದ್ದು ಹೇಗೆ, ಯಾವ ಪರೀಕ್ಷೆ ಮಾಡಿದಿರಿ ಎಂದು ಅವರು ಕೇಳಿದರು. ಚಿನ್ನದ ಉಂಗುರವನ್ನು ಹಳದಿ ಲೋಹದ ಉಂಗುರವೆಂದು, ಗಾಂಜಾವನ್ನು ಹಸಿರು ಸಸ್ಯಪದಾರ್ಥವೆಂದು ಬರೆಯಬೇಕು. ಜಿಗಣಿಯ ಲ್ಯಾಬಿನಲ್ಲಿ ಬರೆಯದೇ ಇದ್ದದ್ದು ಮಾಡದೇ ಇದ್ದದ್ದಕ್ಕೆ ಸಮ ಎಂಬ ಶಿಸ್ತಿನಲ್ಲಿ ಪಳಗಿದ್ದ ನನಗೆ ಶಾಯಿಯಲ್ಲೇ ಬರೆಯುವುದು, ತಿದ್ದಬೇಕಾದಲ್ಲಿ ಒಂದೇ ಗೆರೆ ಎಳೆದು ಕಿರುಸಹಿ ಮತ್ತು ದಿನಾಂಕ ಹಾಕುವುದು ಹೊಸತೇನೂ ಆಗಿರಲಿಲ್ಲ. ಆದರೆ ಅಲ್ಲಿ ಮುಂದಿದ್ದ ಸ್ಯಾಂಪಲ್ಲಿನ ಹೆಸರು ಬಾಟಲಿಯ ಮೇಲೇ ಇರುತ್ತಿತ್ತು, ಇಲ್ಲಿ ಯಾವುದಕ್ಕೂ ಹೆಸರಿಲ್ಲ.

ನಮ್ಮ ಕಡೆಯ ಸ್ಥಳ ಮಹಜರನ್ನು ಕುರಿತು ನಾನು ತರಗತಿಯಲ್ಲಿ ಹೇಳಿದಾಗ ಎಲ್ಲರೂ ಆಸಕ್ತಿಯಿಂದ ಕೇಳಿದರು. ಪೊಲೀಸರಲ್ಲದ ಪಂಚರನ್ನು ಕರೆತಂದು, ಅವರ ಸಮಕ್ಷಮದಲ್ಲಿ ವಸ್ತುಗಳನ್ನು ವಶಪಡಿಸಿಕೊಂಡು ಸಹಿ ಹಾಕಿಸುವ ಪದ್ಧತಿ ಅಮೆರಿಕದಲ್ಲಿ ಇಲ್ಲ. ಅಲ್ಲಿ ಎಲ್ಲ ಭಾರವೂ ಸಂಗ್ರಹಿಸಿದವರ ಟಿಪ್ಪಣಿ, ಛಾಯಾಚಿತ್ರ ಮತ್ತು ವಸ್ತು ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತೆಂಬ ದಾಖಲೆಯ ಸರಪಳಿಯ ಮೇಲೆ ನಿಲ್ಲುತ್ತದೆ. ಪಂಚರು ನ್ಯಾಯಾಲಯದಲ್ಲಿ ಪ್ರತಿಕೂಲ ಸಾಕ್ಷಿಗಳಾಗುವ ಕಥೆಗಳನ್ನು ಪತ್ರಿಕೆಗಳಲ್ಲಿ ಓದಿ ಬೆಳೆದವರಿಗೆ ಈ ಏರ್ಪಾಡು ಮೇಲೆಂದು ತೋರಬಹುದು. ಸಂಗ್ರಹಿಸುವವರ ಮೇಲೆ ಹೊರಗಿನ ಕಣ್ಣೇ ಇಲ್ಲವಲ್ಲ ಎಂಬ ಅನುಮಾನವೂ ನನಗೆ ಬಂತು. ಪ್ರತಿ ವಸ್ತುವಿಗೂ ದೂರದಿಂದ, ನಡುದೂರದಿಂದ, ಹತ್ತಿರದಿಂದ, ಅಳತೆಪಟ್ಟಿ ಇಲ್ಲದೆ ಮತ್ತು ಇಟ್ಟು ಹೀಗೆ ಛಾಯಾಚಿತ್ರ ತೆಗೆಯಬೇಕು. ಒದ್ದೆಯಾದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೂಷ್ಟು ಬಂದು ಡಿಎನ್‌ಎ ಹಾಳಾಗುವುದರಿಂದ ಅದನ್ನು ಒಣಗಿಸಿ ಕಾಗದದ ಚೀಲದಲ್ಲೇ ಇಡಬೇಕು. ಬೆಂಕಿ ಹಚ್ಚಿದ ಸ್ಥಳದ ಅವಶೇಷಗಳನ್ನಾದರೆ ಪೆಟ್ರೋಲಿನ ಆವಿ ಹಾರಿಹೋಗದಂತೆ ಗಾಳಿಯಾಡದ ತಗಡಿನ ಡಬ್ಬದಲ್ಲಿ ಮುಚ್ಚಬೇಕು. ಅಂಟುಪಟ್ಟಿಯ ಮೇಲೂ ಚೀಲದ ಮೇಲೂ ಹಾಯುವಂತೆ ಸಹಿ ಬೀಳಬೇಕು. ಮುಂದೆ ಲ್ಯಾಬಿನವರು ತೆರೆಯುವಾಗ ಆ ಮೊಹರನ್ನು ಮುಟ್ಟದೆ ಬೇರೊಂದು ಕಡೆ ಕತ್ತರಿಸಬೇಕು.

ಬೆರಳಚ್ಚಿನ ಪಾಠ ಹಲವು ವಾರ ನಡೆಯಿತು. ಗಾಜಿನ ಮೇಲಿನ ಗುರುತಿಗೆ ಕಪ್ಪು ಪುಡಿ ಹಚ್ಚುವ ಕುಂಚವನ್ನು ಒತ್ತಿ ಎಳೆಯಬಾರದು, ಹಿಡಿಯನ್ನು ಬೆರಳುಗಳ ನಡುವೆ ಗಿರಗಿರನೆ ತಿರುಗಿಸುತ್ತ ಕುಂಚದ ಎಳೆಗಳ ತುದಿಯಷ್ಟೇ ಗಾಜನ್ನು ಸವರುವಂತೆ ಮಾಡಬೇಕು. ರಂಗೋಲಿಯ ಪುಡಿ ಹೆಚ್ಚು ಬಿದ್ದರೆ ಎರಡು ಎಳೆಗಳು ಒಂದಾಗಿಬಿಡುವಂತೆ ಇಲ್ಲಿಯೂ ಪುಡಿ ಹೆಚ್ಚಾದರೆ ಏಣುಗಳ (ಬೆರಳ ತುದಿಯ ಉಬ್ಬುಗೆರೆಗಳ) ನಡುವಿನ ಸಂದು ತುಂಬಿಹೋಗಿ ಗುರುತು ನಿರುಪಯೋಗಿಯಾಗುತ್ತದೆ. ಏಣುಗಳು ಮೂಡಿದೊಡನೆ ಅವು ಓಡುವ ದಿಕ್ಕಿನಲ್ಲೇ ಕುಂಚವನ್ನು ಹಾಯಿಸಿ, ಪಾರದರ್ಶಕ ಟೇಪನ್ನು ಒಂದು ಅಂಚಿನಿಂದ ಗಾಳಿ ಸೇರದಂತೆ ಒತ್ತಿ, ಎಬ್ಬಿಸಿ ಬಿಳಿ ಕಾರ್ಡಿನ ಮೇಲೆ ಅಂಟಿಸಬೇಕು. ಕಾಗದದ ಮೇಲಿನ ಗುರುತಿಗೆ ಪುಡಿಗಿಂತ ನಿನ್‌ಹೈಡ್ರಿನ್ ದ್ರಾವಣ ಮೇಲು. ಬೆವರಿನ ಅಮೈನೋ ಆಮ್ಲಗಳೊಡನೆ ಅದು ವರ್ತಿಸಿ ನಿಧಾನವಾಗಿ ನೇರಳೆ ಬಣ್ಣ ತಾಳುತ್ತದೆ. ರಸಾಯನಶಾಸ್ತ್ರದ ಪಠ್ಯದಲ್ಲಿ ಅಮೈನೋ ಆಮ್ಲಗಳ ಪರೀಕ್ಷೆಯೆಂದು ಓದಿದ್ದ ಆ ನೇರಳೆ ಬಣ್ಣ ಹಳೆಯ ಲಕೋಟೆಯೊಂದರ ಮೇಲೆ ಇಡೀ ಹೆಬ್ಬೆರಳಾಗಿ ಎದ್ದು ನಿಂತದ್ದನ್ನು ನೋಡಿ ಆದ ಸಂತೋಷ ದೊಡ್ಡದು.

ವರ್ಗೀಕರಣಕ್ಕೆ ಬಂದಾಗ ಪಾಠ ಇದ್ದಕ್ಕಿದ್ದಂತೆ ಭಾರತಕ್ಕೆ ತಿರುಗಿತು. ಹೂಗ್ಲಿ ಕಡೆಯ ಆಡಳಿತಾಧಿಕಾರಿ ವಿಲಿಯಂ ಹರ್ಷೆಲ್ 1858ರಲ್ಲಿ ಗುತ್ತಿಗೆದಾರನೊಬ್ಬನ ಅಂಗೈಯ ಮುದ್ರೆಯನ್ನು ಕರಾರಿನ ಮೇಲೆ ಒತ್ತಿಸಿಕೊಂಡದ್ದು, 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಆರಂಭವಾದದ್ದು, ಅಲ್ಲಿನ ವಿಧಾನ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಜಗತ್ತಿಗೆಲ್ಲ ಹರಡಿದ್ದು ನಮ್ಮ ಪಠ್ಯದಲ್ಲಿ ಇದ್ದವು. ಅದರ ಗಣಿತವನ್ನು ರೂಪಿಸಿದ ಅಜೀಜುಲ್ ಹಕ್ ಮತ್ತು ಅದನ್ನು ಬೆಳೆಸಿದ ಹೇಮಚಂದ್ರ ಬೋಸ್ ಇವರ ಹೆಸರುಗಳು ಇರಲಿಲ್ಲ. ನಾನು ಎದ್ದು ಹೇಳಿದೆ, ಗುರುಗಳು ಬೋರ್ಡಿನ ಮೇಲೆ ಬರೆದುಕೊಂಡರು. ಬಲಗೈಯ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ, ಆಮೇಲೆ ಎಡಗೈಯಲ್ಲೂ ಹಾಗೆಯೇ ಎಣಿಸಿದ ಹತ್ತು ಬೆರಳುಗಳನ್ನು ಐದು ಜೋಡಿ ಮಾಡಿ, ಸುಳಿ (ಚಕ್ರದಂತೆ ಸುತ್ತಿದ ಗೆರೆಗಳು) ಇದ್ದ ಬೆರಳಿಗೆ ಮಾತ್ರ ಜೋಡಿಯ ಕ್ರಮಕ್ಕೆ ತಕ್ಕಂತೆ 16, 8, 4, 2, 1 ಎಂದು ಬೆಲೆ ಕೊಟ್ಟು, ಸಮಸಂಖ್ಯೆಯ ಬೆರಳುಗಳ ಮೊತ್ತಕ್ಕೆ ಒಂದು ಕೂಡಿಸಿ ಮೇಲೆ, ಬೆಸಸಂಖ್ಯೆಯ ಬೆರಳುಗಳ ಮೊತ್ತಕ್ಕೆ ಒಂದು ಕೂಡಿಸಿ ಕೆಳಗೆ ಬರೆಯುವ ಭಿನ್ನರಾಶಿ ಅದು. ಹೀಗೆ 32 ಗುಣಿಸು 32, ಒಟ್ಟು 1024 ಗೂಡುಗಳಲ್ಲಿ ಎಷ್ಟು ಲಕ್ಷ ಜನರ ಕಾರ್ಡುಗಳನ್ನಾದರೂ ಹಂಚಿಡಬಹುದಿತ್ತು. ನನ್ನ ಎರಡು ಹೆಬ್ಬೆರಳುಗಳಲ್ಲಷ್ಟೇ ಸುಳಿ, ಉಳಿದ ಎಂಟರಲ್ಲೂ ಕುಣಿಕೆ. ಹಾಗಾಗಿ ನನ್ನದು 5/17. ಬೆರಳ ತುದಿಯಲ್ಲಿ ಶಂಖವೆಷ್ಟು, ಚಕ್ರವೆಷ್ಟು ಎಂದು ಎಣಿಸಿ ಮೊಮ್ಮಕ್ಕಳ ಭವಿಷ್ಯ ಹೇಳುತ್ತಿದ್ದ ನಮ್ಮಜ್ಜಿಗೆ ಈ ಲೆಕ್ಕ ಖಂಡಿತ ಹಿಡಿಸುತ್ತಿತ್ತು.

ಇಷ್ಟು ಕಲಿಸಿದ ಮೇಲೆ ಗುರುಗಳು ಬೆರಳಚ್ಚಿನ ಮೇಲೆ ನಮಗಿದ್ದ ಭಕ್ತಿಯನ್ನು ತಾವೇ ಅಲುಗಾಡಿಸಿದರು. 2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್ ಸ್ಫೋಟವಾದ ಮೇಲೆ ಸಿಕ್ಕಿದ ಚೀಲವೊಂದರ ಮೇಲಿನ ಗುರುತು ಆರೆಗಾನ್ ರಾಜ್ಯದ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಅವರದೆಂದು ಎಫ್‌ಬಿಐ ತಜ್ಞರು ಹೇಳಿದರು. ನ್ಯಾಯಾಲಯ ನೇಮಿಸಿದ ಸ್ವತಂತ್ರ ತಜ್ಞರೂ ಹೌದೆಂದರು. ಮೇಫೀಲ್ಡ್ ಬಂಧನದಲ್ಲಿರುವಾಗಲೇ ಸ್ಪೇನ್‌ನ ಪೊಲೀಸರು ಅದು ಅಲ್ಜೀರಿಯಾದ ವ್ಯಕ್ತಿಯೊಬ್ಬನದೆಂದು ಕಂಡುಹಿಡಿದರು. ಅಮೆರಿಕ ಸರಕಾರ ಕ್ಷಮೆ ಕೇಳಿ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಅದಾದ ಬಳಿಕ ಸಂಶೋಧಕ ಇಟಿಯೆಲ್ ಡ್ರೋರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ: ಐವರು ಅನುಭವಿ ತಜ್ಞರಿಗೆ ಅವರವರೇ ಹಿಂದೊಮ್ಮೆ ಹೊಂದಿಕೆಯಾಗುತ್ತದೆಂದು ತೀರ್ಮಾನಿಸಿದ್ದ ಜೋಡಿಯನ್ನೇ ತೋರಿಸಿ, ಇದು ಮೇಫೀಲ್ಡ್ ಪ್ರಕರಣದ ತಪ್ಪು ಜೋಡಿ ಎಂದು ಹೇಳಲಾಯಿತು, ನಾಲ್ವರು ತಮ್ಮ ಹಿಂದಿನ ತೀರ್ಮಾನಕ್ಕೆ ನಿಲ್ಲಲಿಲ್ಲ. ನಮ್ಮ ತರಗತಿಯನ್ನೂ ಎರಡು ಗುಂಪು ಮಾಡಿ ಒಂದೇ ಜೋಡಿ ಮಸುಕು ಗುರುತುಗಳನ್ನು ಕೊಟ್ಟರು. ಒಂದು ಗುಂಪಿಗೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆಂದು, ಇನ್ನೊಂದಕ್ಕೆ ಅವನು ಆ ದಿನ ಬೇರೆ ಊರಿನಲ್ಲಿದ್ದನೆಂದು ಚೀಟಿ ಇತ್ತು. ಫಲಿತಾಂಶ ಚೀಟಿಗಳಿಗೆ ತಕ್ಕಂತೆಯೇ ಬಂತು. 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಹೊರತಂದ ವರದಿಯ ಭಾಗಗಳನ್ನು ಆ ವಾರವೇ ಓದಲು ಹೇಳಿದರು. ಡಿಎನ್‌ಎ ವಿಶ್ಲೇಷಣೆಯೊಂದನ್ನು ಬಿಟ್ಟರೆ, ಸಾಕ್ಷ್ಯವನ್ನು ಒಬ್ಬ ವ್ಯಕ್ತಿಗೆ ಖಚಿತವಾಗಿ ಜೋಡಿಸಬಲ್ಲ ಶಕ್ತಿ ತನಗಿದೆಯೆಂದು ಕಟ್ಟುನಿಟ್ಟಾಗಿ ತೋರಿಸಿದ ಬೇರೆ ವಿಧಾನವಿಲ್ಲವೆಂದು ಹೇಳಿದ ವರದಿ ಅದು. ಅಪರಾಧ ಪ್ರಯೋಗಾಲಯಗಳು ಪೊಲೀಸರ, ಪ್ರಾಸಿಕ್ಯೂಟರರ ಆಡಳಿತದಿಂದ ಸ್ವತಂತ್ರವಾಗಿರಬೇಕೆಂದೂ ಅದು ಸೂಚಿಸಿತು. ಈ ವಿದ್ಯೆಯನ್ನು ಕಲಿಸುತ್ತಲೇ ಅದರ ಮಿತಿಯನ್ನೂ ಮುಚ್ಚಿಡದೆ ತೋರಿಸಿದ ಕ್ರಮ ಈ ಕಾಲೇಜಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು.

ರಕ್ತದ ಪಾಠ ಬಂದಾಗ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲ ಕಣೇ, ಕೆಮಿಸ್ಟ್ರಿ ಓದ್ಕೊಂಡು ಔಷಧಿ ಕಂಪ್ನೀಲಿ ನೆಟ್ಟಗಿದ್ದೆ. ಈ ಹೆಣ, ರಕ್ತದ ಸಹವಾಸ ಯಾಕೆ ನಿಂಗೆ?" ಎಂದರು. ನಾವು ಬಳಸುತ್ತಿದ್ದದ್ದು ಪ್ರಯೋಗಾಲಯಗಳಿಗೆ ಸರಬರಾಜು ಮಾಡುವವರಿಂದ ತರಿಸಿದ ಕುರಿಯ ರಕ್ತ ಎಂದು ತಿಳಿಸಿದ್ದರಿಂದ ಅವರಿಗೇನೂ ಸಮಾಧಾನವಾಗಲಿಲ್ಲ. ಕಲೆಯನ್ನು ಒದ್ದೆ ಹತ್ತಿಯ ಕಡ್ಡಿಯಿಂದ ಸವರಿ, ಅದರ ಮೇಲೆ ಆಲ್ಕೋಹಾಲಿನ ಹನಿ, ಅನಂತರ ಬಣ್ಣ ಕಳೆದ ಫಿನಾಲ್ಫ್ತಲೀನ್ ಹನಿ, ಸ್ವಲ್ಪ ತಡೆದು ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಹನಿ ಹಾಕುವುದು ಕ್ಯಾಸಲ್-ಮೇಯರ್ ಪರೀಕ್ಷೆ. ಪೆರಾಕ್ಸೈಡ್ ಬಿದ್ದ ಕ್ಷಣವೇ ಗುಲಾಬಿ ಬಣ್ಣ ಬಂದರೆ ರಕ್ತವಿರಬಹುದು. ಪೆರಾಕ್ಸೈಡ್ ಹಾಕುವ ಮೊದಲೇ ಬಣ್ಣ ಬಂದರೆ ಬೇರಾವುದೋ ಆಕ್ಸಿಡೀಕಾರಕ ಅಲ್ಲಿದೆ. ತುಂಬ ಹೊತ್ತಾದ ಮೇಲೆ ಬಂದರೆ ಗಾಳಿಯದೇ ಕೆಲಸ. ಗುರುಗಳು ಪ್ರತಿಯೊಬ್ಬರಿಗೂ ಗುರುತಿಲ್ಲದ ಬಿಳಿ ಬಟ್ಟೆಯ ತುಂಡೊಂದನ್ನು ಕೊಟ್ಟಿದ್ದರು. ನನ್ನದು ಥಟ್ಟನೆ ಗುಲಾಬಿಯಾಯಿತು, ಆದರೆ ಅದರ ಮೇಲಿದ್ದದ್ದು ಹಾರ್ಸ್‌ರ್ಯಾಡಿಶ್ ಗೆಡ್ಡೆಯ ರಸ. ಆ ಗೆಡ್ಡೆಯಲ್ಲಿರುವ ಪೆರಾಕ್ಸಿಡೇಸ್ ಕಿಣ್ವವೂ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಮಾಡುವ ಕೆಲಸವನ್ನೇ ಮಾಡುತ್ತದೆ. ಆದ್ದರಿಂದಲೇ ಇದು ಪ್ರಾಥಮಿಕ ಪರೀಕ್ಷೆ. ರಕ್ತವೆಂದು ಹೇಳಲು ದೃಢೀಕರಣ ಪರೀಕ್ಷೆ ಬೇಕು, ಮನುಷ್ಯರದೆಂದು ಹೇಳಲು ಇನ್ನೊಂದು, ಇಂಥವರದೆಂದು ಹೇಳಲು ಡಿಎನ್‌ಎ. ರಕ್ತದ ಹನಿ ಗೋಡೆಗೆ ಬಡಿದ ಕೋನವನ್ನು ಲೆಕ್ಕಹಾಕುವುದು ಬೇಸರ ಹಿಡಿಸುವಷ್ಟು ಸರಳ: ಅಂಡಾಕಾರದ ಕಲೆಯ ಅಗಲ 8 ಮಿಲಿಮೀಟರ್, ಉದ್ದ 16 ಇದ್ದರೆ ಭಾಗಲಬ್ಧ 0.5, ಆ ಸೈನ್ ಬೆಲೆಯ ಕೋನ 30 ಡಿಗ್ರಿ. ಕಷ್ಟವಿರುವುದು ಕಲೆಯ ಅಂಚು ಎಲ್ಲಿ ಮುಗಿದು ಬಾಲ ಎಲ್ಲಿ ಶುರುವಾಯಿತೆಂದು ನಿರ್ಧರಿಸುವುದರಲ್ಲಿ.

ಡಿಎನ್‌ಎ ಪ್ರಯೋಗಗಳಿಗೆ ಕಾಲೇಜಿನಲ್ಲಿದ್ದದ್ದು ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಯಂತ್ರ ಮತ್ತು ಆ ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಪೆಟ್ಟಿಗೆಗಳು ಮಾತ್ರ. ಕೆನ್ನೆಯ ಒಳಭಾಗದ ಕೋಶಗಳಿಂದ ಡಿ1ಎಸ್80 ಎಂಬ ಒಂದು ತಾಣವನ್ನಷ್ಟೇ ವರ್ಧಿಸಿ ನೋಡಿದೆವು. ಮೊದಲನೆಯ ವರ್ಣತಂತುವಿನ ಮೇಲೆ 16 ಅಕ್ಷರಗಳ ತುಣುಕು ಎಷ್ಟು ಸಲ ಮರುಕಳಿಸುತ್ತದೆ ಎಂಬುದು ಒಬ್ಬರಿಂದೊಬ್ಬರಿಗೆ ಬದಲಾಗುವ ತಾಣ ಅದು. ಅಪರಾಧ ಪ್ರಯೋಗಾಲಯಗಳು ರಾಷ್ಟ್ರೀಯ ದತ್ತಸಂಚಯಕ್ಕಾಗಿ 2017ರಿಂದ 20 ತಾಣಗಳನ್ನು ನೋಡುತ್ತವೆ. ಸ್ಯಾಕ್ರಮೆಂಟೊದಲ್ಲಿ ಡಿಎನ್‌ಎ ಪಾಠ ನಡೆಯುತ್ತಿದ್ದರೆ ಗೋಲ್ಡನ್ ಸ್ಟೇಟ್ ಕಿಲ್ಲರ್ ಪ್ರಕರಣ ಬಾರದೆ ಇರದು. 1970-80ರ ದಶಕಗಳ ಅತ್ಯಾಚಾರ, ಕೊಲೆಗಳಿಗೆ ಸಂಬಂಧಿಸಿ ಉಳಿದಿದ್ದ ಡಿಎನ್‌ಎಯನ್ನು ವಂಶಾವಳಿ ಹುಡುಕುವವರ ಜಾಲತಾಣಕ್ಕೆ ಹೋಲಿಸಿ, ದೂರದ ಬಂಧುಗಳಿಂದ ಕುಟುಂಬದ ಮರ ಕಟ್ಟಿ, 2018ರ ಏಪ್ರಿಲ್‌ನಲ್ಲಿ ಇಲ್ಲಿಯೇ ಪಕ್ಕದ ಸಿಟ್ರಸ್ ಹೈಟ್ಸ್‌ನಲ್ಲಿ ಜೋಸೆಫ್ ಡಿಏಂಜೆಲೊನನ್ನು ಬಂಧಿಸಿದರು. ಅವನು ಹಿಂದೆ ಪೊಲೀಸನಾಗಿದ್ದವನು, ಇದೇ ಸೀಮೆಯ ಕಮ್ಯುನಿಟಿ ಕಾಲೇಜೊಂದರಲ್ಲಿ ಪೊಲೀಸ್ ವಿಜ್ಞಾನ ಓದಿ ಪದವಿ ಪಡೆದವನು ಎಂದು ಗುರುಗಳು ಹೇಳಿದಾಗ ತರಗತಿ ಒಂದು ಗಳಿಗೆ ಸುಮ್ಮನಾಯಿತು. ಬಂಧುಗಳು ತಮ್ಮ ಪೂರ್ವಜರನ್ನು ಹುಡುಕಲೆಂದು ಕೊಟ್ಟ ಮಾಹಿತಿಯನ್ನು ಪೊಲೀಸರು ಬಳಸಬಹುದೇ ಎಂಬ ಚರ್ಚೆ ಆಮೇಲೆ ಗಡಿಯಾರ ನೋಡದೆ ನಡೆಯಿತು.

ಕೊನೆಯ ಟರ್ಮಿನಲ್ಲಿ ಅಣಕು ನ್ಯಾಯಾಲಯವಿತ್ತು. ಸಹಪಾಠಿಗಳೇ ಜ್ಯೂರಿ, ಕಾನೂನು ಕಲಿಸುವ ಇಬ್ಬರು ಉಪನ್ಯಾಸಕರು ವಕೀಲರು. ತಗಡಿನ ಕೋಣೆಯಲ್ಲಿ ನಾನು ಸಂಗ್ರಹಿಸಿದ ಅಂಗಿಯ ಕಲೆಯೇ ನನ್ನ ಸಾಕ್ಷ್ಯ. ನನ್ನ ಓದು, ಅನುಭವಗಳನ್ನು ಕೇಳಿ, ನಾನು ತಜ್ಞ ಸಾಕ್ಷಿ ಹೌದೋ ಅಲ್ಲವೋ ಎಂಬುದನ್ನೇ ಮೊದಲು ಪ್ರಶ್ನಿಸಿದರು. ಪ್ರಾಸಿಕ್ಯೂಟರ್ ಪಾತ್ರದವರು ಸೌಜನ್ಯದಿಂದಲೇ ಆರಂಭಿಸಿ, "ಹಾಗಾದರೆ ಅಂಗಿಯ ಮೇಲಿದ್ದದ್ದು ರಕ್ತ, ಅಲ್ಲವೇ?" ಎಂದರು. ಪ್ರಾಥಮಿಕ ಪರೀಕ್ಷೆ ಪಾಸಿಟಿವ್ ಬಂದಿದೆ, ದೃಢೀಕರಣ ಪರೀಕ್ಷೆಯನ್ನು ನಾನು ಮಾಡಿಲ್ಲ ಎಂದೆ. "ನಿಮ್ಮ ಅನುಭವದಲ್ಲಿ ಇಂಥ ಫಲಿತಾಂಶ ಬಂದ ಕಲೆ ಸಾಮಾನ್ಯವಾಗಿ ರಕ್ತವೇ ಆಗಿರುತ್ತದಲ್ಲವೇ?" ಎಂದು ಮತ್ತೆ ಕೇಳಿದರು. ಈ ಕಲೆಯ ಬಗ್ಗೆ ನಾನು ಮಾಡಿದ ಪರೀಕ್ಷೆ ಅಷ್ಟನ್ನು ಹೇಳಗೊಡುವುದಿಲ್ಲ ಎಂದೆ. ಅವರ ಮುಖ ಸಣ್ಣಗಾಯಿತು. ಆರೋಪಿ ಪರ ವಕೀಲರು ಪಾಟೀಸವಾಲಿಗೆ ಎದ್ದು, ತರಕಾರಿಯ ರಸಕ್ಕೂ ಈ ಬಣ್ಣ ಬರುತ್ತದೆಯೇ ಎಂದು ಕೇಳಿದರು. ಕೆಲವಕ್ಕೆ ಬರುತ್ತದೆ ಎಂದೆ. "ಹಾಗಾದರೆ ಅದು ರಕ್ತವಲ್ಲ" ಎಂದರು. ಅದನ್ನೂ ಹೇಳಲಾರೆ ಎಂದೆ. ಇಬ್ಬರಿಗೂ ನನ್ನಿಂದ ಬೇಕಾದದ್ದು ಸಿಗಲಿಲ್ಲ, ಜ್ಯೂರಿಯಲ್ಲಿದ್ದ ಹುಡುಗನೊಬ್ಬ ಇಷ್ಟಕ್ಕೆ ಇವರನ್ನು ಕರೆಸಿದ್ದೇಕೆ ಎಂದು ಗೊಣಗಿದ. ವಿಚಾರಣೆ ಮುಗಿದ ಮೇಲೆ ಗುರುಗಳು ತರಗತಿಗೆ ಕೇಳಿದ್ದು ಒಂದೇ ಪ್ರಶ್ನೆ: ಸಾಕ್ಷಿಯನ್ನು ಗೊತ್ತಿರುವುದಕ್ಕಿಂತ ಹೆಚ್ಚು ಹೇಳಲು ಮೊದಲು ಒತ್ತಾಯಿಸಿದವರು ಯಾರು? ಎದುರು ಪಕ್ಷದ ವಕೀಲರಿಗೆ ಎಲ್ಲರೂ ಸಿದ್ಧರಾಗಿಯೇ ಬರುತ್ತಾರೆ. ನಮ್ಮನ್ನು ಕರೆಸಿದವರು, ದಿನವೂ ಜೊತೆಯಲ್ಲಿ ಕೆಲಸ ಮಾಡುವ ತನಿಖಾಧಿಕಾರಿಗಳು ನಗುನಗುತ್ತ ಒಂದು ಹೆಜ್ಜೆ ಮುಂದಿಡಲು ಕೇಳುತ್ತಾರೆ, ಅದಕ್ಕೆ ಇಲ್ಲವೆನ್ನುವುದು ಕಷ್ಟ ಎಂದು ಅವರು ವಿವರಿಸಿದರು. ಸೂಕ್ಷ್ಮದರ್ಶಕದಲ್ಲಿ ಕೂದಲು ಹೋಲಿಸುತ್ತಿದ್ದ ಎಫ್‌ಬಿಐ ತಜ್ಞರ ಹಳೆಯ ಸಾಕ್ಷ್ಯಗಳನ್ನು ಮರುಪರಿಶೀಲಿಸಿದಾಗ ನೋಡಿದ ವಿಚಾರಣೆಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವುಗಳಲ್ಲಿ ತಪ್ಪು ಹೇಳಿಕೆಗಳಿದ್ದವೆಂದು 2015ರಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡದ್ದನ್ನು ಅವರು ಉದಾಹರಿಸಿದರು. ಆ ತಜ್ಞರಲ್ಲಿ ಎಲ್ಲರೂ ದುಷ್ಟರಿದ್ದಿರಲಾರರು. ಪ್ರಯೋಗಾಲಯಗಳನ್ನು ಪೊಲೀಸರಿಂದ ಬೇರ್ಪಡಿಸಬೇಕೆಂಬ 2009ರ ಸಲಹೆಯನ್ನು ಕಾಗದದ ಮೇಲೆ ಓದಿದ್ದಾಗ ಅದು ಆಡಳಿತದ ವಿಷಯವೆನಿಸಿತ್ತು. ಸಾಕ್ಷಿಯ ಕುರ್ಚಿಯಲ್ಲಿ ಕೂತೆದ್ದ ಮೇಲೆ ಅದೇ ಈ ವಿದ್ಯೆಯ ನಡುಮಧ್ಯದ ಪ್ರಶ್ನೆ ಎಂದು ನನಗೆ ಮನವರಿಕೆಯಾಯಿತು.

ಕೆಮಿಸ್ಟ್ರಿಯ ಕಥೆ ಚಿಕ್ಕದು. ಜನರಲ್ ಕೆಮಿಸ್ಟ್ರಿ ನನಗೆ ಪುನರಾವರ್ತನೆಯಷ್ಟೇ ಆಗಿತ್ತು. ಕ್ವಾಂಟಿಟೇಟಿವ್ ಅನಾಲಿಸಿಸ್ ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲಿ ಇರುವುದಿಲ್ಲ, ಇದ್ದಲ್ಲೂ ಪ್ರತಿ ಟರ್ಮಿನಲ್ಲಿ ನಡೆಯುವುದಿಲ್ಲ. ಅದಕ್ಕಾಗಿ ಪಕ್ಕದ ಜಿಲ್ಲೆಯ ಇನ್ನೊಂದು ಕಾಲೇಜಿಗೆ ಕಾರಿನಲ್ಲಿ ಓಡಾಡಬೇಕಾಯಿತು.

ಸರ್ಟಿಫಿಕೇಟ್ ಕೈಗೆ ಬಂದ ಮೇಲೆ, 2015ರಿಂದ ಎಚ್-4ನ ಕೆಲವರಿಗೆ ಸಿಗತೊಡಗಿದ ಕೆಲಸದ ಅನುಮತಿಯ ಆಧಾರದ ಮೇಲೆ ನಗರವೊಂದರ ಪೊಲೀಸ್ ಇಲಾಖೆಯಲ್ಲಿ ಸಾಕ್ಷ್ಯವಸ್ತುಗಳ ತಂತ್ರಜ್ಞೆಯ ಹುದ್ದೆಗೆ ಅರ್ಜಿ ಹಾಕಿದೆ. ಸಮವಸ್ತ್ರವಿಲ್ಲದ, ಬಂದೂಕಿಲ್ಲದ ನಾಗರಿಕ ಹುದ್ದೆ ಅದು. ನಮ್ಮ ಠಾಣೆಗಳ ಭಾಷೆಯಲ್ಲಿ ಹೇಳುವುದಾದರೆ ಮುದ್ದೆಮಾಲು ಕೊಠಡಿಯ ಉಸ್ತುವಾರಿ. ಪೂರ್ವಾಪರ ವಿಚಾರಣೆಗೆ ಹಲವು ತಿಂಗಳು ಹಿಡಿದವು. ಹತ್ತು ವರ್ಷಗಳ ವಿಳಾಸಗಳು, ಪ್ರತಿ ವಿಳಾಸದಲ್ಲೂ ನನ್ನನ್ನು ಬಲ್ಲವರು, ಹಿಂದಿನ ಮಾಲೀಕರು, ಸಾಲ, ಸಂಚಾರಿ ದಂಡ ಎಲ್ಲವನ್ನೂ ಬರೆಯಬೇಕಿತ್ತು. ಹಾಸನದ ನಮ್ಮ ಮನೆಯ ವಿಳಾಸದಲ್ಲಿ ದೇವಸ್ಥಾನದ ಹಿಂಭಾಗ, ಹಾಲಿನ ಡೈರಿ ಎದುರು ಎಂದಿದ್ದದ್ದನ್ನು ಕಂಡ ತನಿಖಾಧಿಕಾರಿ, ಮನೆಯ ಸಂಖ್ಯೆ ಎಲ್ಲಿ ಎಂದು ಕೇಳಿದರು. ಅಂಚೆಯವರಿಗೆ ಇಷ್ಟೇ ಸಾಕು ಎಂದು ಅವರನ್ನು ನಂಬಿಸುವುದು ಕ್ಯಾಸಲ್-ಮೇಯರ್‌ಗಿಂತ ಕಠಿಣವಾಗಿತ್ತು. ಅವರು ನಮ್ಮ ಪಕ್ಕದ ಮನೆಯ ಸರೋಜಮ್ಮನವರಿಗೆ ಫೋನ್ ಮಾಡಿದ್ದು, ಸರೋಜಮ್ಮನವರು ಹುಡುಗಿಗೆ ಏನಾಯಿತೋ ಎಂದು ಅಮ್ಮನಲ್ಲಿಗೆ ಓಡಿಬಂದದ್ದು ಬೇರೆಯೇ ಕಥೆ. ಕೆಲಸ ಸಿಕ್ಕಿತು. ಬಾರ್‌ಕೋಡ್ ಅಂಟಿಸುವುದು, ಮೊಹರು ಸರಿಯಿಲ್ಲದ ಚೀಲವನ್ನು ತಂದ ಅಧಿಕಾರಿಗೇ ಹಿಂದಿರುಗಿಸುವುದು, ಲ್ಯಾಬಿಗೆ ಹೋಗುವ ಮತ್ತು ಬರುವ ಪ್ರತಿ ವಸ್ತುವಿಗೂ ಸಹಿ ಪಡೆಯುವುದು, ತೀರ್ಪು ಹೊರಬಿದ್ದ ಪ್ರಕರಣಗಳ ವಸ್ತುಗಳನ್ನು ಕಾನೂನಿನ ಅವಧಿ ಮುಗಿದ ಮೇಲೆ ವಾರಸುದಾರರಿಗೆ ಕೊಡುವುದು ಈಗ ನನ್ನ ದಿನಚರಿ. ಉಳಿದ ಯೂನಿಟ್‌ಗಳಿಗಾಗಿ ರಾಜ್ಯ ವಿಶ್ವವಿದ್ಯಾನಿಲಯದ ಕೆಮಿಸ್ಟ್ರಿ ಬ್ಯಾಚುಲರ್ ಪದವಿಗೆ ವರ್ಗಾವಣೆಯೂ ಆಗಿದೆ.

ಊರಿನಿಂದ ಈಗ ಚಿಕ್ಕಪ್ಪನ ಮಗಳು ಫೋನ್ ಮಾಡಿ, ತಾನೂ ಇದನ್ನೇ ಓದಬೇಕೆನ್ನುತ್ತಾಳೆ. ಅಲ್ಲಿ ಅವಕಾಶ ಹೆಚ್ಚುತ್ತಿರುವುದು ನಿಜ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆನ್ನುತ್ತದೆ. ಇದನ್ನು ಐದು ವರ್ಷಗಳ ಒಳಗೆ ರೂಢಿಗೆ ತರಲು ರಾಜ್ಯಗಳಿಗೆ ಅವಕಾಶವಿದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್‌ಗೆ 2023ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡಬಾರದೆಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ಕೊಟ್ಟದ್ದು ಸೆಲ್ವಿ ಮತ್ತು ಕರ್ನಾಟಕ ಸರಕಾರದ ನಡುವಿನ ಮೊಕದ್ದಮೆಯಲ್ಲೇ. ಅದನ್ನು ಓದಿಕೊಳ್ಳಲು ಅವಳಿಗೆ ಹೇಳಿದ್ದೇನೆ. ಯಾವ ಕಾಲೇಜಿಗೆ ಸೇರುವ ಮೊದಲೂ ಕೆಮಿಸ್ಟ್ರಿ ಅಥವಾ ಬಯಾಲಜಿ ಪ್ರಯೋಗಾಲಯದಲ್ಲಿ ವಾರಕ್ಕೆ ಎಷ್ಟು ಗಂಟೆ ಕೈಯಾರೆ ಕೆಲಸವಿರುತ್ತದೆ, ಕಲಿಸುವವರಲ್ಲಿ ನ್ಯಾಯಾಲಯದ ಕಟಕಟೆ ಹತ್ತಿದವರು ಯಾರಾದರೂ ಇದ್ದಾರೆಯೇ ಎಂದು ಮೊದಲು ವಿಚಾರಿಸು ಎಂದಿದ್ದೇನೆ. ಅವಳು ಎರಡು ಕಾಲೇಜುಗಳಿಗೆ ಪತ್ರ ಬರೆದಿದ್ದಾಳೆ. ಶುಲ್ಕದ ವಿವರ ಎರಡರಿಂದಲೂ ಬಂದಿದೆ, ಈ ಪ್ರಶ್ನೆಗಳಿಗೆ ಉತ್ತರ ಇನ್ನೂ ಬರಬೇಕು.